ಜ್ವರ ಬಿಟ್ಟು ಮತ್ತೆ ಬಂತು, ಜೊತೆಗೆ ತಲೆನೋವು, ವಾಂತಿ: ಇದು ಇಲಿ ಜ್ವರವೇ?

ಪ್ರಶ್ನೆ (ಆಶಾ ಕಾರ್ಯಕರ್ತೆ, ಮೂಡಿಗೆರೆ ತಾಲ್ಲೂಕು): ಸರ್, ನಾಟಿ ಕೆಲಸಕ್ಕೆ ಹೋಗಿದ್ದ ಒಬ್ಬರಿಗೆ ಐದು ದಿನ ಚಳಿ ಜ್ವರ, ಮೈಕೈ ನೋವು ಇತ್ತು. ಎರಡು ದಿನ ಜ್ವರ ಬಿಟ್ಟಿತ್ತು. ಈಗ ಮತ್ತೆ ಜ್ವರ, ತಲೆ ಸಿಡಿಯೋ ಹಾಗೆ ನೋವು, ವಾಂತಿ. ಕಣ್ಣು ಹಳದಿಯಾಗಿಲ್ಲ, ಹಾಗಾಗಿ ಇಲಿ ಜ್ವರ ಅಲ್ಲ ಅಂತಾರೆ ಮನೆಯವರು. ಏನು ನೋಡಬೇಕು?

ಉತ್ತರ (ವೈದ್ಯರು, ಹಾಸನ): ಮೇಡಂ, ಅವರನ್ನು ಇವತ್ತೇ ಆಸ್ಪತ್ರೆಗೆ ಕಳಿಸಿ, ಉಳಿದದ್ದು ಆಮೇಲೆ ಓದಿ. ಇಲಿ ಜ್ವರ (ಲೆಪ್ಟೊಸ್ಪೈರೋಸಿಸ್, ಇಲಿ ಮೂತ್ರ ಬೆರೆತ ನೀರು, ಕೆಸರಿನಿಂದ ತಗುಲುವ ಬ್ಯಾಕ್ಟೀರಿಯಾ ಸೋಂಕು) ಬಂದವರಲ್ಲಿ ಹೆಚ್ಚಿನವರಿಗೆ ಕಾಮಾಲೆ ಬರೋದೇ ಇಲ್ಲ. ಮೊದಲ ವಾರ ರೋಗಾಣು ರಕ್ತದಲ್ಲಿರುತ್ತೆ. ದೇಹ ಪ್ರತಿಕಾಯ ತಯಾರಿಸಿದಾಗ ರಕ್ತ ಚೊಕ್ಕವಾಗಿ ಜ್ವರ ಇಳಿಯುತ್ತೆ, ಆದರೆ ಅದೇ ಪ್ರತಿರೋಧದಿಂದ ಮೆದುಳಿನ ಪೊರೆ ಊದಿಕೊಳ್ಳಬಹುದು, ಅದಕ್ಕೆ ಮೆನಿಂಜೈಟಿಸ್ ಅಂತಾರೆ. ನೀವು ಹೇಳಿದ ಎರಡು ದಿನದ ಬಿಡುವು ಅದೇ ಇರಬಹುದು.

ದಿಂಬು ತೆಗೆದು ಅಂಗಾತ ಮಲಗಿಸಿ, ತಲೆಯ ಕೆಳಗೆ ಕೈಯಿಟ್ಟು ಮೆಲ್ಲಗೆ ಎತ್ತಿ. ಗದ್ದ ಎದೆಗೆ ತಾಗದೆ, ತಲೆಯ ಜೊತೆ ಭುಜವೂ ಹಲಗೆ ಥರ ಮೇಲೆದ್ದರೆ ಕತ್ತು ಬಿಗಿದಿದೆ ಅಂತ ಅರ್ಥ. ಬಿಗಿದಿಲ್ಲ ಅಂದಮಾತ್ರಕ್ಕೆ ಸುಮ್ಮನಾಗಬೇಡಿ. ಗೀಜಿಲ್ಲದೆ ಕಣ್ಣು ಕೆಂಪಾಗಿದೆಯಾ, ಮೀನಖಂಡ ಒತ್ತಿದರೆ ಚೀರುವಷ್ಟು ನೋವಿದೆಯಾ, ಮೂತ್ರ ಕಡಿಮೆಯಾಗಿದೆಯಾ, ಇವನ್ನು ಚೀಟಿಯಲ್ಲಿ ಬರೆದು ಕೊಡಿ. ನಾಟಿಗೆ ಹೋಗಿದ್ದ ತಾರೀಖೂ ಇರಲಿ, ಸೋಂಕು ತಗುಲಿ ಸಾಮಾನ್ಯವಾಗಿ 5ರಿಂದ 14 ದಿನಕ್ಕೆ ಜ್ವರ ಶುರುವಾಗುತ್ತೆ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಡೈಕ್ಲೋಫೆನಾಕ್ ಥರದ ನೋವಿನ ಔಷಧಿ ಬೇಡವೇ ಬೇಡ, ಅದು ಕಿಡ್ನಿಗೆ ಭಾರ, ಈ ರೋಗಾಣು ಮೊದಲೇ ಕಿಡ್ನಿಗೆ ಪೆಟ್ಟು ಕೊಟ್ಟಿರಬಹುದು.

ಪ್ರಶ್ನೆ (ವೈದ್ಯಾಧಿಕಾರಿ, ಕೊಪ್ಪ): ಸರ್, ಬೆನ್ನಿಗೆ ಸೂಜಿ ಹಾಕಿ ತೆಗೆಯೋ ಬೆನ್ನುಹುರಿ ನೀರಿನಲ್ಲಿ ಇಲಿ ಜ್ವರದ ಮೆನಿಂಜೈಟಿಸ್ ಹೇಗೆ ಗುರುತಿಸೋದು? ನಮ್ಮ ಕಡೆ ಮಂಗನ ಕಾಯಿಲೆಯಲ್ಲೂ (ಕೆಎಫ್‌ಡಿ ಅನ್ನೋ ವೈರಸ್ ಜ್ವರ) ಜ್ವರ ಹೀಗೇ ಎರಡು ಸಲ ಏರುತ್ತೆ.

ಉತ್ತರ: ಇಲಿ ಜ್ವರದಲ್ಲಿ ನೀರು ತಿಳಿಯಾಗಿರುತ್ತೆ. ಜೀವಕೋಶ ಸಾಮಾನ್ಯವಾಗಿ ಒಂದು ಘನ ಮಿಲಿಮೀಟರ್‌ಗೆ 500ಕ್ಕಿಂತ ಕಡಿಮೆ, ಹೆಚ್ಚಿನವು ಲಿಂಫೋಸೈಟ್ (ಒಂದು ಬಗೆಯ ಬಿಳಿ ರಕ್ತಕಣ), ಪ್ರೋಟೀನ್ ಸ್ವಲ್ಪ ಏರಿರುತ್ತೆ, ಸಕ್ಕರೆ ಸರಿಯಿರುತ್ತೆ. ತೀರ ಮೊದಲಿಗೆ ತೆಗೆದರೆ ನ್ಯೂಟ್ರೋಫಿಲ್ (ಇನ್ನೊಂದು ಬಗೆಯ ಬಿಳಿ ರಕ್ತಕಣ) ಕಾಣಬಹುದು. ಅದೇ ಹೊತ್ತಿನಲ್ಲಿ ರಕ್ತದ ಸಕ್ಕರೆಯನ್ನೂ ನೋಡಲೇಬೇಕು. ನೀರಿನ ಸಕ್ಕರೆ ಅದರ ಮೂರನೇ ಎರಡರಷ್ಟು ಇರಬೇಕು, ಅರ್ಧಕ್ಕಿಂತ ತೀರ ಇಳಿದಿದ್ದರೆ ಟಿಬಿ ಅಥವಾ ಕೀವಿನ ಮೆನಿಂಜೈಟಿಸ್ ಕಡೆ ಯೋಚಿಸಿ.

ವೈರಸ್ ಮೆನಿಂಜೈಟಿಸ್‌ನಲ್ಲೂ ನೀರು ಹೀಗೇ ಇರುತ್ತೆ. ಹಾಗಾಗಿ ಸುಳಿವು ರಕ್ತ, ಮೂತ್ರದಲ್ಲಿ ಹುಡುಕಿ: ಕ್ರಿಯಾಟಿನಿನ್ (ಕಿಡ್ನಿಯ ಸುಳಿವು), ಸಿಪಿಕೆ (ಸ್ನಾಯುವಿಗೆ ಪೆಟ್ಟಾದ ಸುಳಿವು) ಏರಿಕೆ, ಮೂತ್ರದಲ್ಲಿ ಪ್ರೋಟೀನ್. ಪ್ಲೇಟ್‌ಲೆಟ್ ಇಲಿ ಜ್ವರ, ಮಂಗನ ಕಾಯಿಲೆ ಎರಡರಲ್ಲೂ ಇಳಿಯುತ್ತೆ, ಅದನ್ನು ನಂಬಬೇಡಿ. ಮಂಗನ ಕಾಯಿಲೆಯಲ್ಲಿ ಬಿಳಿ ರಕ್ತಕಣವೂ ಇಳಿಯುತ್ತೆ, ಇಲಿ ಜ್ವರದಲ್ಲಿ ನ್ಯೂಟ್ರೋಫಿಲ್ ಏರೋದೇ ಹೆಚ್ಚು. ಕಾಲವೂ ಬೇರೆ. ಮಂಗನ ಕಾಯಿಲೆ ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ, ಕಾಡಿನ ಉಣುಗಿನಿಂದ. ಇಲಿ ಜ್ವರ ಮಳೆ, ಕೆಸರಿನ ಕಾಲದ್ದು.

ಐಜಿಎಂ (ಇಲಿ ಜ್ವರದ ಪ್ರತಿಕಾಯ ಹುಡುಕುವ ರಕ್ತ ಪರೀಕ್ಷೆ) ಜ್ವರದ 5–7ನೇ ದಿನದ ಮೊದಲು ನೆಗೆಟಿವ್ ಬಂದರೆ ಅದಕ್ಕೆ ಬೆಲೆ ಇಲ್ಲ, ವಾರ ಬಿಟ್ಟು ಮತ್ತೆ ಮಾಡಿಸಿ. ಔಷಧಿಗೆ ಅಲ್ಲೀತನಕ ಕಾಯಬೇಡಿ. ಕೀವಿನ ಮೆನಿಂಜೈಟಿಸ್ ಅಲ್ಲ ಅಂತ ಖಾತ್ರಿಯಾಗುವವರೆಗೆ ದೊಡ್ಡವರಿಗೆ ಸೆಫ್ಟ್ರಿಯಾಕ್ಸೋನ್ (ಆಂಟಿಬಯಾಟಿಕ್ ಇಂಜೆಕ್ಷನ್) 2 ಗ್ರಾಂ 12 ಗಂಟೆಗೊಮ್ಮೆ ಕೊಡಿ, ಇಲಿ ಜ್ವರಕ್ಕೂ ಅದು ಕೆಲಸ ಮಾಡುತ್ತೆ. ಸ್ಕ್ರಬ್ ಟೈಫಸ್‌ಗೆ (ಪೊದೆಯ ಸಣ್ಣ ಹುಳ ಕಚ್ಚಿ ಬರುವ ಜ್ವರ) ಅದು ಕೆಲಸ ಮಾಡಲ್ಲ, ಆದ್ದರಿಂದ ಕಂಕುಳು, ತೊಡೆಸಂದಿಯಲ್ಲಿ ಕಪ್ಪು ಹಕ್ಕಳೆಯಂಥ ಗಾಯ ಹುಡುಕಿ, ಅನುಮಾನವಿದ್ದರೆ ಡಾಕ್ಸಿಸೈಕ್ಲಿನ್ ಅನ್ನೋ ಇನ್ನೊಂದು ಆಂಟಿಬಯಾಟಿಕ್ ಸೇರಿಸಿ. ಮೊದಲ ಡೋಸ್ ಆದ ಕೆಲವೇ ಗಂಟೆಯಲ್ಲಿ ನಡುಕ ಬಂದು ಬಿಪಿ ಇಳಿಯಬಹುದು. ಸಾಯುವ ರೋಗಾಣುವಿನಿಂದ ಆಗೋದು ಅದು, ಅಲರ್ಜಿ ಅಂದುಕೊಂಡು ಔಷಧಿ ನಿಲ್ಲಿಸಬೇಡಿ.

ಪ್ರಶ್ನೆ (ಆಶಾ ಕಾರ್ಯಕರ್ತೆ): ಕಳಿಸಿದೆ ಸರ್. ವಾಸಿಯಾಗಿ ಬಂದಮೇಲೆ ಏನು ಗಮನಿಸಬೇಕು?

ಉತ್ತರ: ಕಣ್ಣು. ಕೆಲವು ವಾರ, ತಿಂಗಳು ಕಳೆದ ಮೇಲೂ ಕಣ್ಣು ಕೆಂಪಾಗಿ ನೋಯಬಹುದು, ಮಂಜಾಗಬಹುದು, ಬೆಳಕು ಚುಚ್ಚಬಹುದು. ಮೆಡಿಕಲ್ ಶಾಪಿನ ಡ್ರಾಪ್ಸ್ ಹಾಕಿಸದೆ ನೇರ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿ, ಇಲಿ ಜ್ವರ ಬಂದಿತ್ತು ಅಂತ ಮರೆಯದೆ ಹೇಳಲಿ.