ಹಳೆಯ ಇನ್ವರ್ಟರ್ ಬ್ಯಾಟರಿಯ ಆಂಟಿಮನಿಯನ್ನು ಬೇರೆ ಮಾಡಿ ಮಾರಬಹುದೇ?

ಪ್ರಶ್ನೆ (ಬ್ಯಾಟರಿ ವ್ಯಾಪಾರಿ, ತುಮಕೂರು): ಸರ್, ಇನ್ವರ್ಟರ್‌ಗೆ ಬಳಸಿ ಹಳೆಯದಾದ ಟ್ಯೂಬುಲರ್ ಬ್ಯಾಟರಿಗಳನ್ನು ನಮ್ಮ ಅಂಗಡಿಯಿಂದ ಗುಜರಿಯವರು ಒಯ್ಯುತ್ತಾರೆ. ಆಸಿಡ್ ಚೆಲ್ಲಿ ಕೊಟ್ಟರೆ ಕಿಲೋಗೆ ಹೆಚ್ಚು ದರ. ಮೊನ್ನೆ ಒಬ್ಬರು, ‘ಇದರಲ್ಲಿ ಆಂಟಿಮನಿ ಇದೆ, ಈಗ ಅದಕ್ಕೆ ಭಾರೀ ಬೆಲೆ’ ಎಂದರು. ಬೇರೆ ಮಾಡಿ ಮಾರಲು ಸಾಧ್ಯವೇ?

ಉತ್ತರ (ಲೋಹಶಾಸ್ತ್ರ ಇಂಜಿನಿಯರ್): ಆಂಟಿಮನಿ ಎಂದರೆ ಸೀಸವನ್ನು ಗಟ್ಟಿ ಮಾಡಲು ಬೆರೆಸುವ, ಲೋಹದಂಥ ಒಂದು ಧಾತು. ಅದರ ಬೆಲೆ ಏರಿದ್ದು ನಿಜ. ಆಂಟಿಮನಿ ಉತ್ಪಾದನೆಯಲ್ಲಿ ಮುಂದಿರುವ ಚೀನಾ 2024ರ ಸೆಪ್ಟೆಂಬರ್ 15ರಿಂದ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಭಾರತ 2023ರಲ್ಲಿ ಪ್ರಕಟಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲೂ ಅದು ಇದೆ. ಆದರೆ ಅಂಗಡಿಯಲ್ಲಿ ಅದನ್ನು ಬೇರ್ಪಡಿಸಲು ಆಗುವುದಿಲ್ಲ, ಬೇರ್ಪಡಿಸುವ ಅಗತ್ಯವೂ ಇಲ್ಲ.

ಈ ಬ್ಯಾಟರಿಗಳ ಮುಖ್ಯ ಲೋಹ ಸೀಸ. ಅದು ಉಗುರಿನಲ್ಲಿ ಗೀರಿದರೂ ಗೆರೆ ಬೀಳುವಷ್ಟು ಮೆತ್ತಗಿನ ಲೋಹ. ನೂರಕ್ಕೆ ಎರಡು ಮೂರು ಪಾಲು ಆಂಟಿಮನಿ ಬೆರೆಸಿದರೆ ಅದು ಗಟ್ಟಿಯಾಗುತ್ತದೆ, ಎರಕ ಚೆನ್ನಾಗಿ ಕೂರುತ್ತದೆ, ಪದೇ ಪದೇ ಖಾಲಿಯಾಗಿ ತುಂಬುವ ಬ್ಯಾಟರಿ ಬಾಳಿಕೆ ಬರುತ್ತದೆ. (ನಿಮ್ಮ ಗ್ರಾಹಕರು ಆಗಾಗ ಡಿಸ್ಟಿಲ್ಡ್ ವಾಟರ್ ತುಂಬಬೇಕಾಗುವುದಕ್ಕೂ ಇದೇ ಆಂಟಿಮನಿ ಕಾರಣ. ನೀರು ಹೆಚ್ಚಾಗಿ ಅನಿಲವಾಗಿ ಹೋಗುತ್ತದೆ. ಅದಕ್ಕೇ ನೀರು ಬೇಡದ ಬ್ಯಾಟರಿಗಳಲ್ಲಿ ಬದಲಿಗೆ ಕ್ಯಾಲ್ಸಿಯಂ ಬಳಸುತ್ತಾರೆ.) ಹಳೆಯ ಮುದ್ರಣಾಲಯದ ಅಚ್ಚುಮೊಳೆಗಳೂ ಸೀಸ, ಆಂಟಿಮನಿ, ತವರದವೇ. ಸವೆದ ಮೊಳೆಗಳನ್ನು ಕರಗಿಸಿ ಮತ್ತೆ ಮೊಳೆಗಳನ್ನೇ ಎರಕ ಹೊಯ್ಯುತ್ತಿದ್ದರು. ಬ್ಯಾಟರಿಯ ದಾರಿಯೂ ಅದೇ: ಕುಲುಮೆಯಿಂದ ಆಂಟಿಮನಿ ಬೆರೆತ ಸೀಸವಾಗಿಯೇ ಹೊರಬಂದು ಹೊಸ ಬ್ಯಾಟರಿ ಸೇರುತ್ತದೆ.

ದಯವಿಟ್ಟು ಆಸಿಡ್ ಮಾತ್ರ ಚೆಲ್ಲಬೇಡಿ. ಅದರ ಜೊತೆ ಸೀಸದ ಕೆಸರೂ ಮಣ್ಣು ಸೇರುತ್ತದೆ. ಕೊಳವೆಬಾವಿಯ ನೀರನ್ನೇ ನಂಬಿದ ಜಿಲ್ಲೆ ನಮ್ಮದು.

ಪ್ರಶ್ನೆ (ಶಿಕ್ಷಕಿ, ಪಾವಗಡ): ಸೋಲಾರ್ ಫಲಕದ ಗಾಜಿನಲ್ಲೂ ಆಂಟಿಮನಿ ಇರುತ್ತದೆಯೇ ಸರ್? ತಿರುಮಣಿ ಕಡೆಯ 2,050 ಮೆಗಾವಾಟ್ ಪಾರ್ಕ್ ನೋಡಿದ ಮಕ್ಕಳು ಕೇಳಿದರು.

ಉತ್ತರ: ಮಕ್ಕಳು ಒಳ್ಳೆಯ ಪ್ರಶ್ನೆ ಕೇಳಿದ್ದಾರೆ ಮೇಡಂ. ಅನೇಕ ಫಲಕಗಳ ಗಾಜಿನಲ್ಲಿ ಇರುತ್ತದೆ. ಕರಗಿದ ಗಾಜಿನ ಗುಳ್ಳೆಗಳನ್ನು ಹೊರಹಾಕಲು, ಕಬ್ಬಿಣದಂಶ ಬೆಳಕನ್ನು ನುಂಗದಂತೆ ಮಾಡಲು ಅದನ್ನು ಬೆರೆಸುತ್ತಾರೆ. ತೊಡಕು ಬರುವುದು ಮರುಬಳಕೆಯಲ್ಲಿ. ಕಿಟಕಿಯ ಗಾಜನ್ನು ಕರಗಿದ ತವರದ ಮೇಲೆ ತೇಲಿಸಿ ಹಾಳೆ ಮಾಡುತ್ತಾರೆ. ಅಲ್ಲಿ ಆಂಟಿಮನಿ ಇದ್ದರೆ ಗಾಜು ಕಂದುತ್ತದೆ. ಹಾಗಾಗಿ ಈ ಗಾಜನ್ನು ಬೇರೆಯಾಗಿಯೇ ಸಂಗ್ರಹಿಸಿ ಮತ್ತೆ ಸೋಲಾರ್ ಗಾಜಿಗೆ ಬಳಸುವುದು ಲೇಸು. ಪ್ಲಾಸ್ಟಿಕ್‌ಗೆ ಬೆಂಕಿ ಹತ್ತದಂತೆ ಬೆರೆಸಿದ ಆಂಟಿಮನಿ, ನೀರಿನ ಬಾಟಲಿಯ ಪ್ಲಾಸ್ಟಿಕ್ ತಯಾರಿಸುವಾಗ ಉಳಿದ ಅಂಶ, ಇವು ಸಾರಿಗೆ ಹಾಕಿದ ಉಪ್ಪಿನಂತೆ. ಮತ್ತೆ ಹೆಕ್ಕುವುದು ಬಹಳ ಕಷ್ಟ.

ಪ್ರಶ್ನೆ (ಬ್ಯಾಟರಿ ವ್ಯಾಪಾರಿ): ಆಸಿಡ್ ಸಮೇತ ಕೊಟ್ಟರೆ ದರ ಕಡಿಮೆ ಮಾಡುತ್ತಾರಲ್ಲ ಸರ್, ನಷ್ಟ ನಮಗೇ ಅಲ್ಲವೇ?

ಉತ್ತರ: ನಿಮ್ಮ ಕಷ್ಟ ಅರ್ಥವಾಗುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳುಹಿಸುವ ಹೊಣೆ ತಯಾರಕರದು. ನಿಮಗೆ ಹೊಸ ಬ್ಯಾಟರಿ ಕೊಡುವ ವಿತರಕರನ್ನೇ ಹಸಿ ತೂಕದ (ಆಸಿಡ್ ಸಮೇತ ತೂಗಿದ) ದರ ಕೇಳಿ, ನಾಲ್ಕಾರು ಅಂಗಡಿಯವರು ಒಟ್ಟಾಗಿ ಕೇಳಿದರೆ ಮಾತಿಗೆ ತೂಕ ಬರುತ್ತದೆ. ಅಲ್ಲಿಯವರೆಗೆ ಪ್ಲಾಸ್ಟಿಕ್ ತಟ್ಟೆಯ ಮೇಲೆ ನೆಟ್ಟಗೆ ನಿಲ್ಲಿಸಿ, ಮುಚ್ಚಳ ಬಿಗಿ ಮಾಡಿಡಿ. ಶೆಡ್ಡಿನಲ್ಲಿ ಕರಗಿಸುವವರಿಗೆ ಮಾತ್ರ ಕೊಡಬೇಡಿ. ಆ ಹೊಗೆಯ ಸೀಸ ಮೊದಲು ಸೇರುವುದು ಅಕ್ಕಪಕ್ಕ ಆಡುವ ಮಕ್ಕಳ ರಕ್ತವನ್ನು.