ಬ್ರಿಟನ್ನಿನಲ್ಲಿ ಬಹುಮತ ಬರದಿದ್ದರೆ ಸರ್ಕಾರ ರಚಿಸಲು ಯಾರನ್ನು ಕರೆಯುತ್ತಾರೆ?

ಪ್ರಶ್ನೆ (ಸಾಗರ):
ಪಿಯು ಮಕ್ಕಳಿಗೆ ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ. ಬ್ರಿಟನ್ನಿನ 2010ರ ಫಲಿತಾಂಶ ಬೋರ್ಡ್ ಮೇಲೆ ಬರೆದಿದ್ದೆ: ಕನ್ಸರ್ವೇಟಿವ್ 306, ಲೇಬರ್ 258, ಲಿಬರಲ್ ಡೆಮಾಕ್ರಾಟ್ 57. ಒಟ್ಟು 650, ಬಹುಮತಕ್ಕೆ 326. ಹಿಂದಿನ ಬೆಂಚಿನ ಹುಡುಗಿ ಎದ್ದು ಕೇಳಿದಳು: "ಮೇಡಂ, 2018ರಲ್ಲಿ 104 ಸೀಟು ಬಂದಾಗ ನಮ್ಮ ಶಿಕಾರಿಪುರದ ಯಡಿಯೂರಪ್ಪನವರನ್ನು ರಾಜ್ಯಪಾಲರು ಕರೆದರು. ಅಲ್ಲಿ ರಾಣಿ ಯಾಕೆ ತಕ್ಷಣ ಕರೆಯಲಿಲ್ಲ? ಪ್ರಧಾನಿಯಾಗಿದ್ದ ಲೇಬರ್ ಪಕ್ಷದ ಬ್ರೌನ್ ಯಾಕೆ ಕುರ್ಚಿ ಬಿಡಲಿಲ್ಲ?" ಎಷ್ಟು ಒಳ್ಳೆ ಪ್ರಶ್ನೆ ಅಲ್ವಾ! ಸರಿಯಾದ ಉತ್ತರ ಕೊಡಬೇಕು.

ಉತ್ತರ (ತೀರ್ಥಹಳ್ಳಿ):
ಮೇಡಂ, ರಾಜ ಅಥವಾ ರಾಣಿಯನ್ನು ಪಕ್ಷಗಳ ಜಗಳಕ್ಕೆ ಎಳೆಯಬಾರದು ಅನ್ನೋದು ಅಲ್ಲಿನ ಗಟ್ಟಿ ಪದ್ಧತಿ. ಪಕ್ಷಗಳೇ ಕೂತು ಮಾತಾಡಿ ಬಗೆಹರಿಸಿಕೊಳ್ಳಬೇಕು. ಅಲ್ಲಿಯವರೆಗೆ ದೇಶಕ್ಕೊಬ್ಬ ಪ್ರಧಾನಿ ಬೇಕಲ್ಲ, ಹಾಗಾಗಿ ಹಳಬರೇ ಇರುತ್ತಾರೆ. ಬ್ರೌನ್ ಸುಮ್ನೆ ಕೂತಿರಲಿಲ್ಲ. ಅವರ ಪಕ್ಷವೂ ಲಿಬರಲ್ ಡೆಮಾಕ್ರಾಟರ ಜೊತೆ ಮಾತುಕತೆ ನಡೆಸಿತು. ಆದರೆ ಅದೇ ಬೋರ್ಡಿನಲ್ಲಿ ಕೂಡಿಸಿ ತೋರಿಸಿ: 258ಕ್ಕೆ 57 ಸೇರಿದರೆ 315. ಸಾಲಲ್ಲ. 306ಕ್ಕೆ ಸೇರಿದರೆ 363. ಮತದಾನ ಮೇ 6ಕ್ಕೆ. ಮೇ 11ಕ್ಕೆ ಬ್ರೌನ್ ರಾಜೀನಾಮೆ ಕೊಟ್ಟರು, ಅದೇ ಸಂಜೆ ಕನ್ಸರ್ವೇಟಿವ್ ನಾಯಕ ಕ್ಯಾಮರಾನ್ ಪ್ರಧಾನಿಯಾದರು. ಲಿಬರಲ್ ಡೆಮಾಕ್ರಾಟರ ನಾಯಕ ಕ್ಲೆಗ್ ಉಪಪ್ರಧಾನಿ.

ಉತ್ತರ (ಹೊಸನಗರ):
ಆಮೇಲಿನ ಕಥೆಯನ್ನೂ ಮಕ್ಕಳಿಗೆ ಹೇಳಿ. ಕಾಲೇಜು ಶುಲ್ಕ ಏರಿಕೆಯನ್ನು ವಿರೋಧಿಸುತ್ತೇವೆ ಅಂತ ಲಿಬರಲ್ ಡೆಮಾಕ್ರಾಟರು ಮಾತು ಕೊಟ್ಟಿದ್ದರು. ಸರ್ಕಾರಕ್ಕೆ ಸೇರಿದ ಮೇಲೆ ವರ್ಷಕ್ಕೆ 9,000 ಪೌಂಡ್‌ವರೆಗೆ ಏರಿಸಲು ಅವರಲ್ಲೇ ಹಲವರು ಕೈ ಎತ್ತಿದರು. ನನಗೆ ಇದು ತೀರಾ ಬೇಸರದ ಸಂಗತಿ, ಓದೋ ಮಕ್ಕಳೇ ಅವರನ್ನು ನಂಬಿದ್ದರು. 2015ರಲ್ಲಿ 57 ಸೀಟು 8ಕ್ಕೆ ಇಳಿಯಿತು.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. 2017ರಲ್ಲಿ ಪ್ರಧಾನಿ ಥೆರೆಸಾ ಮೇ ಅವರಿಗೆ ಉತ್ತರ ಐರ್ಲೆಂಡಿನ ಡಿಯುಪಿ ಪಕ್ಷದ 10 ಸದಸ್ಯರು ಹೊರಗಿನಿಂದ ಬೆಂಬಲ ಕೊಟ್ಟರಲ್ಲ, ಅದನ್ನೂ ಇದರ ಜೊತೆಗೇ ಪಾಠ ಮಾಡುತ್ತೇನೆ.