ಅಪ್‌ಡೇಟ್: ಎಲೆ ಅಚ್ಚಿನ ತಟ್ಟೆ ಈಗ ಸೊಟ್ಟಗಾಗುತ್ತಿಲ್ಲ

ಎಲೆ ಅಚ್ಚೊತ್ತಿದ ಮಣ್ಣಿನ ತಟ್ಟೆ ಒಣಗುವಾಗ ಅಂಚು ಮೇಲೇಳುತ್ತದೆ, ಏನು ಮಾಡಲಿ ಅಂತ ಕೇಳಿದ್ದೆ. ನಿಧಾನವಾಗಿ ಒಣಗಿಸಿ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್! ನಡುಭಾಗ ಹಸಿ ಇರುವಾಗಲೇ ಅಂಚು ಒಣಗಿ ಕುಗ್ಗುತ್ತದೆ, ಅದೇ ಕಾರಣ. ಈಗ ಅಂಚಿಗೆ ಪ್ಲಾಸ್ಟಿಕ್ ಹೊದಿಸಿ ನೆರಳಲ್ಲಿ ಇಡುತ್ತೇನೆ, ಆಗಾಗ ಮಗುಚಿ ಹಾಕುತ್ತೇನೆ. ತಟ್ಟೆಗಳು ಚಪ್ಪಟೆಯಾಗಿಯೇ ಉಳಿದಿವೆ.

ಈ ಸಲ ತೇಗದ ಎಲೆ. ಹಿಂಬದಿಯನ್ನೇ ಮಣ್ಣಿಗಿಟ್ಟು ಲಟ್ಟಣಿಗೆ ಆಡಿಸಿದೆ. ನರಗಳು ಉಬ್ಬಿರುವುದು ಆ ಬದಿಯಲ್ಲೇ ಅಲ್ವಾ? ಸುಮಾರು 1000 ಡಿಗ್ರಿಯಲ್ಲಿ ಒಮ್ಮೆ ಸುಟ್ಟ ಮೇಲೆ, ನೀರಲ್ಲಿ ಕಲಸಿದ ಕಬ್ಬಿಣದ ಆಕ್ಸೈಡ್ ಬಳಿದು ಒದ್ದೆ ಸ್ಪಂಜಿನಿಂದ ಒರೆಸಿದೆ. ಗೆರೆಗಳೊಳಗೆ ಮಾತ್ರ ಕಂದು ಬಣ್ಣ ನಿಂತಿತು. ಕೂದಲೆಳೆಯಂಥ ಕವಲು ನರಗಳೂ ಕಾಣುತ್ತಿವೆ, ಎಷ್ಟು ಚೆಂದ! ಇನ್ನು ಗ್ಲೇಜ್ (ಸುಟ್ಟಾಗ ಗಾಜಿನಂತಾಗುವ ಲೇಪ) ಹಾಕಿ ಮತ್ತೆ ಸುಡಬೇಕು. ಜಾಸ್ತಿ ದಪ್ಪವಾದರೆ ಗೆರೆ ಮುಚ್ಚಿಹೋಗುತ್ತದೆ, ಹಾಗಾಗಿ ತೆಳುವಾಗಿ ಒಂದೇ ಪದರ ಹಾಕುತ್ತೇನೆ.